ತೆರೆಯ ಮೇಲಿನ ಮುಂಬಯಿಯಲ್ಲಿ ಬಾಡಿಗೆಗೆ ಮನೆ

ಹಿಂದಿ ಚಲನಚಿತ್ರಗಳಲ್ಲಿ ಮುಂಬಯಿಗೆ ಬಂದಿಳಿಯುವವನನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ! ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಕಣ್ಣಲ್ಲಿ ಗಾಬರಿ. ಹಿಂದೆ ವಿ.ಟಿ. ನಿಲ್ದಾಣದ ಗುಮ್ಮಟ, ಮುಂದೆ ಡಬಲ್ ಡೆಕ್ಕರ್ ಬಸ್ಸು, ಆಮೇಲೆ ಮರೀನ್ ಡ್ರೈವಿನ ತಿರುವು ಮತ್ತು ಸಮುದ್ರ. ಇಷ್ಟು ತೋರಿಸಿದರೆ ಊರು ಯಾವುದೆಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ಆದರೆ ಇದು ಅಂಚೆ ಕಾರ್ಡಿನ ಮೇಲೂ ಇರುವ ಮುಂಬಯಿ. ಬಂದವನು ಇವತ್ತು ರಾತ್ರಿ ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಯನ್ನು ಚಿತ್ರ ಕೈಗೆತ್ತಿಕೊಂಡಾಗಲೇ ನಗರದ ನಿಜವಾದ ಕಥೆ ಶುರುವಾಗುತ್ತದೆ. ಮಹಾನಗರವನ್ನು ತೆರೆಗೆ ತಂದ ನಿರ್ದೇಶಕರನ್ನು ಈ ಒಂದು ಪ್ರಶ್ನೆಯಿಂದ ಅಳೆಯಬಹುದು ಎಂದು ನಮಗನಿಸುತ್ತದೆ.

ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ಇದು ಹೊಸ ಪ್ರಶ್ನೆಯಲ್ಲ. ಉಡುಪಿ ಹೋಟೆಲಿನ ಅಡುಗೆಮನೆಯ ಹಿಂದೆ ಚಾಪೆ ಹಾಸಿದವರು, ಊರವರು ಸೇರಿ ಹಿಡಿದ ಒಂದೇ ಕೋಣೆಯಲ್ಲಿ ಪಾಳಿಯ ಪ್ರಕಾರ ಮಲಗಿದವರು, ಗಲ್ಫಿಗೆ ಹೊರಟು ವೀಸಾ ಬರುವ ತನಕ ಮುಸಾಫಿರ್‌ಖಾನೆಯಲ್ಲಿ ದಿನ ಎಣಿಸಿದವರು ನಮ್ಮ ಊರೂರಿನಲ್ಲೂ ಸಿಗುತ್ತಾರೆ. ಯಶವಂತ ಚಿತ್ತಾಲರ ‘ಶಿಕಾರಿ’, ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ಓದಿದವರಿಗೂ ಆ ನಗರದಲ್ಲಿ ಒಂದು ಖೋಲಿಯ ಬೆಲೆ ಏನೆಂದು ಗೊತ್ತು. ಹಾಗಾಗಿ ಸಿನಿಮಾದ ಮುಂಬಯಿಯನ್ನು ಪ್ರಶ್ನಿಸಲು ನಾವು ಪರಕೀಯರೇನಲ್ಲ.

ಈ ಪ್ರಶ್ನೆಯನ್ನು ಮೊದಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಪ್ರಮುಖರು. ಪತ್ರಕರ್ತರಾಗಿದ್ದ ಅವರಿಗೆ ನಗರದ ಸೊಗಸಿಗಿಂತ ಅದರ ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು. ಅವರು ಕಥೆ ಬರೆದ ರಾಜ್ ಕಪೂರರ ‘ಶ್ರೀ 420’ (1955) ಚಿತ್ರವನ್ನು ಇಂದು ಜನ ಅದರ ಹಾಡುಗಳಿಗಾಗಿ ನೆನೆಯುತ್ತಾರೆ. ಆದರೆ ಅದರ ಕಥೆಯ ಬೆನ್ನೆಲುಬು ಮನೆಯೇ. ಅಲಹಾಬಾದಿನಿಂದ ಬಂದ ರಾಜ್ ಶ್ರೀಮಂತನ ಬಂಗಲೆಯ ಎದುರಿನ ಫುಟ್‌ಪಾತಿನಲ್ಲಿ ಮಲಗುವ ಬಡವರ ಜೊತೆ ಸೇರುತ್ತಾನೆ. ಕೊನೆಗೆ ಅದೇ ಬಡವರನ್ನು ಮೋಸಗೊಳಿಸಲು ಹೂಡುವ ಸಂಚು ಯಾವುದು? ನೂರು ರೂಪಾಯಿಗೆ ಒಂದು ಮನೆ. ಆ ಯೋಜನೆಯ ಹೆಸರು ಕೇಳಿದೊಡನೆ ಫುಟ್‌ಪಾತಿಗೆ ಫುಟ್‌ಪಾತೇ ಎದ್ದು ಬರುತ್ತದೆ. ನಗರದ ಬಡವನನ್ನು ಯಾವ ಆಸೆ ತೋರಿಸಿ ದೋಚಬಹುದು ಎಂಬುದು ಅಬ್ಬಾಸರಿಗೆ ಸರಿಯಾಗಿ ಗೊತ್ತಿತ್ತು.

ಎಂಟು ವರ್ಷಗಳ ಬಳಿಕ ಅವರೇ ನಿರ್ದೇಶಿಸಿದ ‘ಶಹರ್ ಔರ್ ಸಪ್ನಾ’ (1963) ಇನ್ನೂ ಮುಂದೆ ಹೋಗುತ್ತದೆ. ಅದರಲ್ಲಿ ನವದಂಪತಿಗಳಿಗೆ ಸಿಗುವ ಮನೆ ರಸ್ತೆ ಬದಿಯಲ್ಲಿ ಬಿದ್ದಿರುವ ಒಂದು ದೊಡ್ಡ ಕೊಳವೆ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದು ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ಜನಪ್ರಿಯ ತಾರೆಯರಿಲ್ಲದ, ಕಲೆಯಲ್ಲಿ ಅಲ್ಲಲ್ಲಿ ಭಾಷಣದ ವಾಸನೆ ಬರುವ ಚಿತ್ರ ಅದು. ಆದರೂ ಕೊಳವೆಯೊಳಗಿನ ಆ ಸಂಸಾರದ ಚಿತ್ರ ಮನಸ್ಸಿನಿಂದ ಮರೆಯಾಗುವುದಿಲ್ಲ. ಅದೇ ಕಾಲದಲ್ಲಿ ಗುರುದತ್ ನಿರ್ಮಿಸಿದ ‘ಸಿ.ಐ.ಡಿ.’ (1956) ಚಿತ್ರಕ್ಕೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಕ್ಯಾಮೆರಾ ಹಿಡಿದಿದ್ದರು. ಜಾನಿ ವಾಕರ್ ಅದರಲ್ಲಿ ಹಾಡುತ್ತಾ ಊರು ಸುತ್ತುತ್ತಾರೆ. ಬಸ್ ಕಂಡಕ್ಟರ್ ಆಗಿ ದುಡಿದು ಬಂದ ಬದ್ರುದ್ದೀನ್ ಕಾಝಿಯೇ ಈ ಜಾನಿ ವಾಕರ್ ಎಂಬುದು ತಿಳಿದಾಗ, ಆ ರಸ್ತೆಗಳನ್ನು ಅವರಷ್ಟು ಸಲೀಸಾಗಿ ಇನ್ನಾರು ತಿರುಗಬಲ್ಲರು ಅನಿಸುತ್ತದೆ.

ಎಪ್ಪತ್ತರ ದಶಕಕ್ಕೆ ಬಂದರೆ ಫುಟ್‌ಪಾತು ಹೋಗಿ ಚಾಳು ಬರುತ್ತದೆ. ಬಾಸು ಚಟರ್ಜಿಯವರ ‘ಪಿಯಾ ಕಾ ಘರ್’ (1972) ಚಿತ್ರದಲ್ಲಿ ಹೊಸದಾಗಿ ಮದುವೆಯಾದವರಿಗೆ ತುಂಬಿದ ಮನೆಯಲ್ಲಿ ಏಕಾಂತವೇ ಸಿಗುವುದಿಲ್ಲ. ನಾವು ನಗುತ್ತೇವೆ, ನಗುತ್ತಲೇ ಸಂಕಟಪಡುತ್ತೇವೆ. ಭೀಮಸೈನ್ ನಿರ್ದೇಶಿಸಿದ ‘ಘರೌಂದಾ’ (1977) ಚಿತ್ರದಲ್ಲಿ ಈ ನಗುವೂ ಇಲ್ಲ. ಕಚೇರಿಯಲ್ಲಿ ದುಡಿಯುವ ಇಬ್ಬರು ಪ್ರೇಮಿಗಳು ಪೈಸೆಗೆ ಪೈಸೆ ಕೂಡಿಸಿ ಫ್ಲ್ಯಾಟಿಗೆ ಹಣ ಕಟ್ಟುತ್ತಾರೆ. ಬಿಲ್ಡರ್ ಮೋಸ ಮಾಡುತ್ತಾನೆ. ಮನೆಯೊಂದಿಗೆ ಪ್ರೇಮವೂ ಕುಸಿಯುತ್ತದೆ. ಇನ್ನು ‘ದೀವಾರ್’ (1975) ಚಿತ್ರದಲ್ಲಿ, ತಾಯಿ ಇಟ್ಟಿಗೆ ಹೊತ್ತ ಕಟ್ಟಡವನ್ನೇ ಮಗ ಕಳ್ಳಸಾಗಣೆಯ ಹಣದಿಂದ ಕೊಂಡುಕೊಳ್ಳುತ್ತಾನೆ. ಇಟ್ಟಿಗೆ ಹೊತ್ತವರಿಗೆ ಆ ಕಟ್ಟಡದಲ್ಲಿ ಜಾಗ ಸಿಗಬೇಕಾದರೆ ಕಾನೂನು ಮುರಿಯಬೇಕು ಎಂದು ಸಲೀಂ-ಜಾವೇದ್ ಹೇಳಿದ್ದು ಸಣ್ಣ ಮಾತಲ್ಲ.

ಇಷ್ಟೆಲ್ಲ ಬಾಡಿಗೆ ಮನೆ ಹುಡುಕಾಟದಲ್ಲಿ ಒಂದು ಪ್ರಶ್ನೆ ಮಾತ್ರ ಕೇಳಿಬರುವುದೇ ಇಲ್ಲ. ಮುಂಬಯಿಯಲ್ಲಿ ಮನೆ ಕೇಳಲು ಹೋದ ಮುಸ್ಲಿಮನಿಗೆ ಎಲ್ಲಕ್ಕಿಂತ ಮೊದಲು ಎದುರಾಗುವ ಪ್ರಶ್ನೆ ಅದು: “ನಿಮ್ಮ ಹೆಸರೇನು?” ‘ದೀವಾರ್’ ಚಿತ್ರದ ನಾಯಕನ ತೋಳಿಗೆ 786 ಸಂಖ್ಯೆಯ ಬಿಲ್ಲೆ ಬಂತು. ಆ ಸಂಖ್ಯೆಯ ಮಹತ್ವ ಹೇಳಿಕೊಟ್ಟ ರಹೀಂ ಚಾಚಾ ಸಂಜೆ ಕೆಲಸ ಮುಗಿಸಿ ಎಲ್ಲಿಗೆ ಹೋಗುತ್ತಿದ್ದ ಎಂದು ಚಿತ್ರ ಕೇಳಲಿಲ್ಲ. ಆ ಕಾಲದ ಸಿನಿಮಾದಲ್ಲಿ ಮುಸ್ಲಿಮನಿಗೆ ಮನೆಯ ಚಿಂತೆಯೇ ಇರಲಿಲ್ಲವೆನ್ನಿ! ಅವನಿಗೆ ಲಖ್ನೋದಲ್ಲಿ ಹವೇಲಿ ಇತ್ತು. ‘ಚೌದ್ವೀಂ ಕಾ ಚಾಂದ್’, ‘ಮೇರೆ ಮೆಹಬೂಬ್’ ಮುಂತಾದ ‘ಮುಸ್ಲಿಂ ಸೋಶಿಯಲ್’ ಚಿತ್ರಗಳಲ್ಲಿ ಅವನು ಶೇರ್ವಾನಿ ತೊಟ್ಟು, ಶಾಯಿರಿ ಹೇಳುತ್ತ, ಪರದೆಯಾಚೆಯ ಕಣ್ಣುಗಳಿಗೆ ಮನಸೋಲುತ್ತ ಕಾಲ ಕಳೆದ. ಗಿರಣಿಯಲ್ಲಿ, ಬಂದರಿನಲ್ಲಿ, ಬೇಕರಿಯಲ್ಲಿ ದುಡಿದು ಚಾಳಿಗೆ ಮರಳುವ ಮುಸ್ಲಿಮನಿಗೆ ಆ ಹವೇಲಿಯಲ್ಲೂ ಜಾಗವಿರಲಿಲ್ಲ, ‘ಪಿಯಾ ಕಾ ಘರ್’ನ ಚಾಳಿನಲ್ಲೂ ಇರಲಿಲ್ಲ.

ಬಾಡಿಗೆ ಮನೆಗಾಗಿ ಬಾಗಿಲಿನಿಂದ ಬಾಗಿಲಿಗೆ ಅಲೆಯುವ ಮುಸ್ಲಿಮನನ್ನು ತೆರೆಯ ಮೇಲೆ ತಂದವರು ಮತ್ತೊಬ್ಬ ಮೈಸೂರಿಗರು, ಎಂ.ಎಸ್. ಸತ್ಯು. ಆದರೆ ‘ಗರ್ಮ್ ಹವಾ’ (1973) ನಡೆಯುವುದು ಮುಂಬಯಿಯಲ್ಲಲ್ಲ, ವಿಭಜನೆಯ ನಂತರದ ಆಗ್ರಾದಲ್ಲಿ. ಅಣ್ಣ ಪಾಕಿಸ್ತಾನಕ್ಕೆ ಹೋದ ಕಾರಣ ಅವನ ಹೆಸರಿನಲ್ಲಿದ್ದ ಪೂರ್ವಜರ ಹವೇಲಿ ಕೈತಪ್ಪುತ್ತದೆ. ಬಲರಾಜ್ ಸಾಹನಿಯವರ ಸಲೀಂ ಮಿರ್ಜಾ ಮನೆ ಹುಡುಕುತ್ತ ಹೊರಡುತ್ತಾನೆ. ಯಾರೂ ಅವನನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಇವನೂ ನಾಳೆ ಬಾಡಿಗೆ ಬಾಕಿಯಿಟ್ಟು ಗಡಿ ದಾಟಿದರೆ ಎಂಬ ಸಂಶಯ ಎದುರಿನವರ ಮುಖದಲ್ಲಿರುತ್ತದೆ, ಅಷ್ಟೆ. ಸಾಹನಿಯವರು ಆ ದೃಶ್ಯಗಳಲ್ಲಿ ದನಿ ಏರಿಸುವುದಿಲ್ಲ. ಭುಜ ಸ್ವಲ್ಪ ಕುಗ್ಗುತ್ತದೆ, ನಡಿಗೆ ನಿಧಾನವಾಗುತ್ತದೆ. ಇಸ್ಮತ್ ಚುಗ್ತಾಯಿಯವರ ಕಥೆಯನ್ನು ಚಿತ್ರಕ್ಕೆ ಅಳವಡಿಸಿದವರು ಕೈಫಿ ಆಝ್ಮಿ ಮತ್ತು ಶಮಾ ಝೈದಿ. ಕೈಫಿಯವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅವರು ಮತ್ತೆ ಬರುತ್ತಾರೆ.

ಮುಂಬಯಿಯ ಮುಸ್ಲಿಂ ಮೊಹಲ್ಲಾದ ಒಳಗೆ ಕ್ಯಾಮೆರಾವನ್ನು ಮರ್ಯಾದೆಯಿಂದ ಕರೆದೊಯ್ದವರು ಸಯೀದ್ ಮಿರ್ಜಾ. ‘ಮೋಹನ್ ಜೋಶಿ ಹಾಜಿರ್ ಹೋ’ (1984) ಚಿತ್ರದಲ್ಲಿ ಬೀಳುವಂತಿರುವ ಚಾಳಿನ ರಿಪೇರಿಗಾಗಿ ಮಾಲೀಕನ ಮೇಲೆ ದಾವೆ ಹೂಡಿ ಸವೆದುಹೋಗುವ ಮುದುಕನ ಕಥೆ ಹೇಳಿದ್ದವರು ಅವರೇ. ‘ಸಲೀಂ ಲಂಗ್ಡೆ ಪೆ ಮತ್ ರೋ’ (1989) ಚಿತ್ರದ ಸಲೀಂ ಒಬ್ಬ ಬೀದಿ ರೌಡಿ. ಗಿರಣಿಯ ಕೆಲಸ ಕಳೆದುಕೊಂಡ ತಂದೆ, ಹೊಲಿಗೆ ಯಂತ್ರದ ಸದ್ದಿನ ಮನೆ, ಮದುವೆಗೆ ಬಂದ ತಂಗಿ. ತಂಗಿಗೆ ನಿಶ್ಚಯವಾದ ವರ ಉರ್ದು ಪತ್ರಿಕೆಯಲ್ಲಿ ಕರಡು ತಿದ್ದುವ ಸಾಧಾರಣ ನೌಕರ. ಸಲೀಮನಿಗೆ ಅವನನ್ನು ಕಂಡರಾಗದು. ಅವನ ಕೈಯಲ್ಲಿ ಹಣವೂ ಇಲ್ಲ, ಚೂರಿಯೂ ಇಲ್ಲ, ಆದರೂ ತಲೆಯೆತ್ತಿ ಮಾತಾಡುತ್ತಾನಲ್ಲ! ಮೊಹಲ್ಲಾದೊಳಗಿನ ಈ ವಾಗ್ವಾದ, ಅಂದರೆ ನಾವು ಯಾವ ದಾರಿಯಲ್ಲಿ ಮರ್ಯಾದೆಯಿಂದ ಬದುಕಬೇಕು ಎಂಬ ನಮ್ಮದೇ ಜಗಳ, ಹಿಂದಿ ಸಿನಿಮಾದಲ್ಲಿ ಅಷ್ಟು ಪ್ರಾಮಾಣಿಕವಾಗಿ ಬಂದದ್ದು ಕಡಿಮೆ.

ಅವರ ‘ನಸೀಮ್’ (1995) ಇನ್ನೂ ಮೌನದ ಚಿತ್ರ. 1992ರ ಜೂನ್‌ನಿಂದ ಡಿಸೆಂಬರ್‌ವರೆಗಿನ ಮುಂಬಯಿ, ಒಂದು ಮಧ್ಯಮ ವರ್ಗದ ಮನೆ, ಶಾಲೆಗೆ ಹೋಗುವ ಹುಡುಗಿ ಮತ್ತು ಹಾಸಿಗೆ ಹಿಡಿದ ಅಜ್ಜ. ಅಜ್ಜನಾಗಿ ನಟಿಸಿದವರು ಬೇರಾರೂ ಅಲ್ಲ, ಕೈಫಿ ಆಝ್ಮಿ. ಟಿ.ವಿ.ಯಲ್ಲಿ ಅಯೋಧ್ಯೆಯ ಸುದ್ದಿ ಬರುತ್ತಿರುತ್ತದೆ, ಅಜ್ಜ ಮೊಮ್ಮಗಳಿಗೆ ಆಗ್ರಾದ ಹಳೆಯ ಕಥೆ ಹೇಳುತ್ತಿರುತ್ತಾರೆ. ಆಗ ಪಾಕಿಸ್ತಾನಕ್ಕೆ ಯಾಕೆ ಹೋಗಲಿಲ್ಲ ಎಂದು ಮಗ ಕೇಳಿದರೆ ಅವರಿಗೆ ನೆನಪಾಗುವುದು ಆಗ್ರಾದ ಮನೆಯ ಒಂದು ಮರ. ಆ ಮರದ ಮೇಲೆ ಹೆಂಡತಿಗೆ ಪ್ರೀತಿ ಇತ್ತು ಎಂಬುದೇ ಅವರ ಉತ್ತರ. ‘ಗರ್ಮ್ ಹವಾ’ದ ಆಗ್ರಾ ಹೀಗೆ ಮುಂಬಯಿಯ ಫ್ಲ್ಯಾಟಿನೊಳಗೆ ಬಂದು ಕೂರುತ್ತದೆ. ಡಿಸೆಂಬರ್ 6ರಂದು ಅಜ್ಜ ತೀರಿಕೊಳ್ಳುತ್ತಾರೆ. ಮಿರ್ಜಾ ಗಲಭೆಯನ್ನು ತೋರಿಸುವುದಿಲ್ಲ. ಮನೆಯೊಳಗೆ ಕೂತವರಿಗೆ ಹೊರಗಿನ ಸದ್ದು ಹೇಗೆ ಕೇಳಿಸಿತು ಎಂಬುದನ್ನಷ್ಟೇ ತೋರಿಸುತ್ತಾರೆ.

ಅದೇ 1995ರಲ್ಲಿ ಮಣಿರತ್ನಂ ಅವರ ‘ಬಾಂಬೆ’ ಬಂತು. ಬೆಂಕಿ, ಓಟ, ಕಿರುಚಾಟ, ಕಳೆದುಹೋದ ಅವಳಿ ಮಕ್ಕಳು, ಎ.ಆರ್. ರಹಮಾನ್ ಅವರ ಸಂಗೀತ. ಅದರ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಹಿಂದೂ ಹುಡುಗ, ಮುಸ್ಲಿಂ ಹುಡುಗಿ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುವ ಭಾಗ ಸೊಗಸಾಗಿಯೂ ಇದೆ. ಆದರೆ ಗಲಭೆಯ ದೃಶ್ಯಗಳಲ್ಲಿ ನಿರ್ದೇಶಕರು ಕೈಯಲ್ಲಿ ತಕ್ಕಡಿ ಹಿಡಿದಿದ್ದಾರೆ. ಅತ್ತ ಒಂದು ಏಟು, ಇತ್ತ ಒಂದು ಏಟು. ಮೂರು ವರ್ಷಗಳ ಬಳಿಕ ಹೊರಬಂದ ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿಯ ಪ್ರಕಾರ ಸತ್ತವರು 900 ಮಂದಿ. ಅವರಲ್ಲಿ ಮುಸ್ಲಿಮರು 575, ಹಿಂದೂಗಳು 275. ಸತ್ತ ಪ್ರತಿಯೊಬ್ಬರೂ ಮನುಷ್ಯರೇ, ಪ್ರತಿ ಮನೆಯ ಕಣ್ಣೀರೂ ಒಂದೇ. ಆದರೆ ನಗರ ಆ ಎರಡು ತಿಂಗಳಲ್ಲಿ ಯಾರ ಮೇಲೆ ಮುಗಿಬಿತ್ತು, ಪೊಲೀಸರು ಯಾರ ಪರ ನಿಂತರು ಎಂಬುದನ್ನು ಆಯೋಗ ಹೇಳಿದಷ್ಟನ್ನೂ ಚಿತ್ರ ಹೇಳಲಾರದೆ ಹೋಯಿತು. ಮಾನವ ಸರಪಳಿಯ ಮುಕ್ತಾಯ ನೋಡಿ ಪ್ರೇಕ್ಷಕ ಹಗುರಾದ ಮನಸ್ಸಿನಿಂದ ಮನೆಗೆ ಹೋದ. ಮನೆ ಸುಟ್ಟವರು ಎಲ್ಲಿಗೆ ಹೋದರು?

ಅವರಲ್ಲಿ ಬಹಳಷ್ಟು ಮಂದಿ ಮುಂಬ್ರಾಕ್ಕೆ ಹೋದರು, ಮೀರಾ ರೋಡಿಗೆ ಹೋದರು. ಗಲಭೆಯ ನಂತರ ಮುಂಬಯಿಯ ಭೂಪಟವೇ ಬದಲಾಯಿತು. ಮಿಶ್ರ ಬಡಾವಣೆಗಳು ಕರಗಿದವು, ನಗರದ ಅಂಚಿನಲ್ಲಿ ಮುಸ್ಲಿಂ ಊರುಗಳೇ ಬೆಳೆದವು. ಸ್ವತಂತ್ರ ಭಾರತದ ಮಹಾನಗರವೊಂದರಲ್ಲಿ ನಡೆದ ಇಂಥ ದೊಡ್ಡ ಸ್ಥಳಾಂತರ ಹಿಂದಿ ಸಿನಿಮಾಕ್ಕೆ ಕಥೆಯಾಗಿ ಕಾಣಲಿಲ್ಲ. ತೆರೆಯ ಮೇಲೆ ಮುಂಬ್ರಾ ಬರುವುದೇ ಅಪರೂಪ. ಬಂದದ್ದು ಭೂಗತ ಲೋಕ. ರಾಮ್ ಗೋಪಾಲ್ ವರ್ಮಾರ ‘ಸತ್ಯ’ (1998) ಒಳ್ಳೆಯ ಚಿತ್ರವೇ, ಮಳೆ ನೀರು ಸೋರುವ ಮುಂಬಯಿಯನ್ನು ಅಷ್ಟು ಹತ್ತಿರದಿಂದ ತೋರಿಸಿದವರು ಕಡಿಮೆ. ಅದರಲ್ಲಿ ಹೊಸಬನಿಗೆ ಖೋಲಿ ಕೊಡಿಸುವುದು ಗ್ಯಾಂಗು! ಹುಸೇನ್ ಝೈದಿಯವರ ಪುಸ್ತಕ ಆಧರಿಸಿದ ‘ಬ್ಲ್ಯಾಕ್ ಫ್ರೈಡೇ’ 1993ರ ಮಾರ್ಚ್ 12ರ ಬಾಂಬ್ ಸ್ಫೋಟಗಳ ಕುರಿತದ್ದು. ನ್ಯಾಯಾಲಯದ ತಡೆ ಕಳೆದು 2007ರಲ್ಲಿ ಬಿಡುಗಡೆಯಾಯಿತು. 257 ಜನರ ಪ್ರಾಣ ತೆಗೆದ ಆ ಕೃತ್ಯಕ್ಕೆ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ, ಕೊಡಲೂಬಾರದು. ಆದರೂ ಹಿಂದಿನ ಡಿಸೆಂಬರ್-ಜನವರಿಯನ್ನು ಮರೆಯದಷ್ಟು ಪ್ರಾಮಾಣಿಕತೆ ಅದಕ್ಕಿದೆ.

ಅನಂತರ ಬಂದವರಿಗೆ ಅಷ್ಟೂ ಬೇಡವಾಯಿತು. ‘ಆಮಿರ್’ (2008) ಚಿತ್ರದಲ್ಲಿ ಲಂಡನ್ನಿನಿಂದ ಬಂದ ವೈದ್ಯನನ್ನು ಅಜ್ಞಾತ ದನಿಯೊಂದು ಫೋನಿನ ಮೂಲಕ ಮೊಹಲ್ಲಾದ ಗಲ್ಲಿಗಳಲ್ಲಿ ಓಡಿಸುತ್ತದೆ. ಮಾಂಸದ ಅಂಗಡಿ, ಟೋಪಿ ಧರಿಸಿದ ಮುಖಗಳು, ದುರುಗುಟ್ಟುವ ಕಣ್ಣುಗಳು, ಕಿವಿಗೆ ಹಿಡಿದ ಫೋನುಗಳು. ಇಡೀ ಮೊಹಲ್ಲಾ ಸಂಚಿನಲ್ಲಿ ಪಾಲುದಾರ ಎನ್ನುವಂತೆ ಕ್ಯಾಮೆರಾ ನೋಡುತ್ತದೆ. ನಾಯಕ ಒಳ್ಳೆಯ ಮುಸ್ಲಿಂ, ಕೊನೆಗೆ ಬಾಂಬನ್ನು ತಬ್ಬಿಕೊಂಡು ಸಾಯುತ್ತಾನೆ. ಒಳ್ಳೆಯತನ ಸಾಬೀತುಪಡಿಸಲು ಸಾಯಬೇಕು ಎಂಬುದು ಎಂಥ ಶರತ್ತು! ಅದೇ ವರ್ಷದ ‘ಎ ವೆಡ್ನೆಸ್‌ಡೇ’ಯಲ್ಲಿ ಹೆಸರು ಹೇಳದ ‘ಸಾಮಾನ್ಯ ಮನುಷ್ಯ’ನೊಬ್ಬ ಇನ್ನೂ ಕಟ್ಟಿ ಮುಗಿಯದ ಕಟ್ಟಡದ ತಾರಸಿಯಲ್ಲಿ ಕುಳಿತು ನಗರವನ್ನು ಆಡಿಸುತ್ತಾನೆ. ಫುಟ್‌ಪಾತಿನಲ್ಲಿದ್ದ ಅಬ್ಬಾಸರ ಕ್ಯಾಮೆರಾ ಅಷ್ಟು ಎತ್ತರಕ್ಕೆ ಏರಿತ್ತು. ಅಲ್ಲಿಂದ ನೋಡಿದರೆ ಜನರ ಮುಖ ಕಾಣುವುದಿಲ್ಲ.

2008ರಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಮುಸ್ಲಿಮರೆಂಬ ಕಾರಣಕ್ಕೆ ತನಗೂ ಪತಿ ಜಾವೇದ್ ಅಖ್ತರರಿಗೂ ಮುಂಬಯಿಯಲ್ಲಿ ಫ್ಲ್ಯಾಟು ಕೊಳ್ಳಲಾಗಲಿಲ್ಲ ಎಂದು ಶಬಾನಾ ಆಝ್ಮಿ ಟಿ.ವಿ. ಸಂದರ್ಶನದಲ್ಲಿ ಹೇಳಿದರು. ದೊಡ್ಡ ಗದ್ದಲವಾಯಿತು, ಅವರನ್ನೇ ಟೀಕಿಸಿದವರೂ ಇದ್ದರು. ಆದರೆ ಸ್ವಲ್ಪ ಯೋಚಿಸಿ ನೋಡಿ. ‘ಗರ್ಮ್ ಹವಾ’ದ ಮನೆ ಹುಡುಕಾಟವನ್ನು ಬರೆದವರ ಮಗಳು ಆಕೆ. ತಾಯಿಗಾಗಿ ಬಹುಮಹಡಿ ಕಟ್ಟಡ ಕೊಳ್ಳುವ ನಾಯಕನನ್ನು ಬರೆದವರಲ್ಲಿ ಒಬ್ಬರು ಆಕೆಯ ಪತಿ. ಮುಂಬಯಿಯ ಕನಸಿನ ಮನೆಗಳನ್ನು ಕಾಗದದ ಮೇಲೆ ಕಟ್ಟಿದವರ ಸ್ಥಿತಿಯೇ ಹೀಗಾದರೆ, ಕುರ್ಲಾದ ದರ್ಜಿಯದು, ನಮ್ಮ ಕರಾವಳಿಯಿಂದ ಹೋದ ಗುಮಾಸ್ತನದು ಏನಾಗಿರಬೇಡ? ಕಾನೂನಿನ ಬಾಗಿಲೂ ಅಗಲವಾಗಿಲ್ಲ. ಅಹ್ಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಡುವ ಉಪನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಇಷ್ಟಾದರೂ ‘ನಿಮ್ಮ ಹೆಸರೇನು’ ಎಂಬ ಆ ದೃಶ್ಯವನ್ನು ಕಥೆಯ ಕೇಂದ್ರವಾಗಿಸಿದ ಮುಂಬಯಿಯ ದೊಡ್ಡ ಹಿಂದಿ ಚಿತ್ರವೊಂದನ್ನು ನಾವು ಇಂದಿಗೂ ನೋಡಿಲ್ಲ.

ಹೊರಗಿನಿಂದ ಬಂದವರೂ ನಗರವನ್ನು ತೋರಿಸಿದರು. ‘ಸ್ಲಂಡಾಗ್ ಮಿಲಿಯನೇರ್’ 2009ರ ಫೆಬ್ರವರಿಯಲ್ಲಿ ಎಂಟು ಆಸ್ಕರ್ ಗೆದ್ದಿತು. ಅದರಲ್ಲಿ ಪುಟ್ಟ ಸಲೀಮನಾಗಿ ನಟಿಸಿದ ಹುಡುಗನ ಬಾಂದ್ರಾದ ಗುಡಿಸಲನ್ನು ಅದೇ ಮೇ ತಿಂಗಳಲ್ಲಿ ಪಾಲಿಕೆಯವರು ನೆಲಸಮ ಮಾಡಿದರು. ಮುಂದೆ ಚಿತ್ರತಂಡದ ಟ್ರಸ್ಟ್ ಅವನಿಗೆ ಮನೆ ಕೊಡಿಸಿತು, ಒಳ್ಳೆಯದೇ. ಪಕ್ಕದ ಗುಡಿಸಲುಗಳ ಮಕ್ಕಳು ಯಾವ ಚಿತ್ರದಲ್ಲೂ ನಟಿಸಿರಲಿಲ್ಲ.

ಮುಸ್ಲಿಂ ಬದುಕನ್ನು ಗದ್ದಲವಿಲ್ಲದೆ ಮುಂಬಯಿಯ ಮಧ್ಯದಲ್ಲಿಟ್ಟ ಚಿತ್ರ ಕಿರಣ್ ರಾವ್ ಅವರ ‘ಧೋಬಿ ಘಾಟ್’ (2011). ಕಲಾವಿದನೊಬ್ಬ ಹಳೆಯ ಮುಂಬಯಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯುತ್ತಾನೆ. ಹಿಂದೆ ಅಲ್ಲಿದ್ದ ಯಾಸ್ಮಿನ್ ಎಂಬ ಯುವತಿ ಬಿಟ್ಟುಹೋದ ವಿಡಿಯೋ ಟೇಪುಗಳು ಅವನಿಗೆ ಸಿಗುತ್ತವೆ. ಉತ್ತರ ಪ್ರದೇಶದ ಮಲಿಹಾಬಾದಿನಿಂದ ಮದುವೆಯಾಗಿ ಬಂದ ಆಕೆ, ಊರಿನಲ್ಲಿರುವ ತಮ್ಮನಿಗೆ ಈ ಮಹಾನಗರವನ್ನು ಪತ್ರ ಬರೆದಂತೆ ಚಿತ್ರಿಸಿದ್ದಾಳೆ. ಟ್ಯಾಕ್ಸಿಯ ಕಿಟಕಿ, ಸಮುದ್ರ, ಮನೆಗೆಲಸದವಳ ಮಗಳು. ಕೈ ನಡುಗುವ ಆ ಚಿತ್ರಗಳಲ್ಲಿ ಹೆಲಿಕಾಪ್ಟರಿನ ಕ್ಯಾಮೆರಾಕ್ಕೆ ಸಿಗದ ಮುಂಬಯಿ ಇದೆ. ಟೇಪು ಮುಂದುವರಿದಂತೆ ಅವಳ ಮುಖದ ನಗು ಇಂಗುತ್ತದೆ, ಗಂಡನ ಬಗ್ಗೆ ಮಾತು ಕಡಿಮೆಯಾಗುತ್ತದೆ. ಬಾಡಿಗೆದಾರನೊಬ್ಬ ಹಿಂದಿನ ಬಾಡಿಗೆದಾರಳ ದುಃಖದೊಳಗೆ ವಾಸಿಸುವ ಈ ಕಲ್ಪನೆ ಅಪೂರ್ವವಾದುದು. ಅದೇ ಚಿತ್ರದಲ್ಲಿ ಹಗಲು ಬಟ್ಟೆ ಒಗೆದು, ರಾತ್ರಿ ಇಲಿ ಹೊಡೆಯುವ ಮುನ್ನಾ ಇದ್ದಾನೆ. ಅವನ ನಿಜವಾದ ಹೆಸರು ಝೊಹೇಬ್. ಬಟ್ಟೆ ತಲುಪಿಸಲು ಎಲ್ಲರ ಮನೆಯ ಬಾಗಿಲಿಗೂ ಹೋಗುವ ಅವನಿಗೆ ‘ಮುನ್ನಾ’ ಎಂಬ ಹೆಸರೇ ಸಾಕು. ಇದನ್ನು ಚಿತ್ರ ವಿವರಿಸಲು ಹೋಗುವುದಿಲ್ಲ.

ಜಾವೇದರ ಮಗಳು ಝೋಯಾ ಅಖ್ತರ್ ನಿರ್ದೇಶಿಸಿದ ‘ಗಲ್ಲಿ ಬಾಯ್’ (2019) ಧಾರಾವಿಯ ಮುರಾದನ ಕಥೆ. ಅವನ ಪುಟ್ಟ ಮನೆಗೆ ವಿದೇಶಿ ಪ್ರವಾಸಿಗರು ಬಂದು, ಇಷ್ಟು ಚಿಕ್ಕ ಜಾಗವನ್ನು ಎಷ್ಟು ಚೆನ್ನಾಗಿ ಬಳಸಿದ್ದಾರೆಂದು ಬೆರಗಾಗುವ ದೃಶ್ಯ ಅದರಲ್ಲಿದೆ. ಧಾರಾವಿಗೆ ಕ್ಯಾಮೆರಾ ಹೊತ್ತು ಹೋದ ಎಲ್ಲ ನಿರ್ದೇಶಕರನ್ನೂ ಚುಚ್ಚುವ ದೃಶ್ಯ ಅದು, ಬಹುಶಃ ಝೋಯಾ ಅವರನ್ನೂ ಸೇರಿಸಿ. ಮುಸ್ಲಿಂ ಕುಟುಂಬವೊಂದನ್ನು ಬಾಂಬು-ಬಂದೂಕಿನ ಸಂಶಯವಿಲ್ಲದೆ ತೋರಿಸಿದ್ದು ಅದರ ದೊಡ್ಡ ಗುಣ. ಆದರೆ ಹಾಡು ಗೆದ್ದ ಸಂಭ್ರಮದಲ್ಲಿ ಆ ಮನೆಯ ನೆಲ ಯಾರದು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅದನ್ನು ನೇರವಾಗಿ ಕೇಳಿದ್ದು ತಮಿಳಿನ ಪಾ. ರಂಜಿತ್. ಅವರ ‘ಕಾಲಾ’ (2018) ಚಿತ್ರದಲ್ಲಿ ಧಾರಾವಿಯ ಜನ ‘ಮನು’ ಎಂಬ ಹೆಸರಿನ ಬಿಲ್ಡರ್ ಕಂಪೆನಿಗೆ ನೆಲ ಬಿಟ್ಟುಕೊಡಲು ಒಪ್ಪುವುದಿಲ್ಲ. ಕಾವೇರಿಯ ಗಲಾಟೆಯಲ್ಲಿ ನಮ್ಮ ರಾಜ್ಯದಲ್ಲಿ ಆ ಚಿತ್ರದ ಬಿಡುಗಡೆಗೇ ಅಡ್ಡಿಯಾಯಿತು. ಮನೆ ಕಳೆದುಕೊಳ್ಳುವವರ ಕಥೆಯನ್ನು ನೋಡುವುದಕ್ಕೂ ನಮ್ಮ ನಾಯಕರು ಭಾಷೆಯ ಗೋಡೆ ಎಬ್ಬಿಸಿದರು.

ಇತ್ತೀಚೆಗೆ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರಿ ಪ್ರಶಸ್ತಿ ಪಡೆಯಿತು. ಮುಂಬಯಿಯ ಚಿತ್ರ, ಆದರೆ ಬಹುಪಾಲು ಮಾತು ಮಲಯಾಳಂನಲ್ಲಿ. ಹೊರಗಿನಿಂದ ಬಂದವರ ಬೆವರಿನಲ್ಲಿ ನಡೆಯುವ ಊರನ್ನು ಅವರದೇ ಭಾಷೆಯಲ್ಲಿ ಕೇಳಿಸಲು ಇಷ್ಟು ವರ್ಷ ಬೇಕಾಯಿತು. ಆಸ್ಪತ್ರೆಯ ಅಡುಗೆಯಾಕೆ ಪಾರ್ವತಿ, ಗಿರಣಿ ಕಾರ್ಮಿಕನ ವಿಧವೆ. ಗಂಡ ಕಾಗದಪತ್ರ ಇಟ್ಟುಹೋಗಿಲ್ಲ. ಬಿಲ್ಡರ್ ಅವಳನ್ನು ಹೊರಹಾಕುತ್ತಾನೆ. ಎಷ್ಟೋ ವರ್ಷ ಬದುಕಿದ ಮನೆಗೆ ಕಾಗದವೇ ಇಲ್ಲದ ಮೇಲೆ ಆಕೆ ಅಲ್ಲಿ ಇದ್ದಳು ಎನ್ನುವುದಕ್ಕೂ ಪುರಾವೆ ಇಲ್ಲ. ಅವಳು ರತ್ನಾಗಿರಿ ಕಡೆಯ ತನ್ನ ಹಳ್ಳಿಗೆ ಮರಳುತ್ತಾಳೆ. ದಾಖಲೆಗಳ ಹೆಸರಿನಲ್ಲಿ ನಮ್ಮ ಜನ ಪಟ್ಟ ಆತಂಕ ಬಲ್ಲವರಿಗೆ ಪಾರ್ವತಿಯ ಮೌನ ಬೇಗ ಅರ್ಥವಾಗುತ್ತದೆ.

ಅದೇ ಚಿತ್ರದಲ್ಲಿ ನರ್ಸ್ ಅನು ಮತ್ತು ಶಿಯಾಜ್ ಎಂಬ ಮುಸ್ಲಿಂ ಹುಡುಗ ಪರಸ್ಪರ ಪ್ರೀತಿಸುತ್ತಾರೆ. ಆ ಸಂಬಂಧದ ಬಗ್ಗೆ ನಮ್ಮ ಓದುಗರಲ್ಲಿ ಹಲವರಿಗೆ ತಕರಾರಿರಬಹುದು, ಅದು ಬೇರೆ ಚರ್ಚೆ. ನಾವಿಲ್ಲಿ ಗಮನಿಸುವುದು ಬೇರೊಂದನ್ನು. ಎರಡು ಕೋಟಿಯಷ್ಟು ಜನರಿರುವ ನಗರದಲ್ಲಿ ಅವರಿಬ್ಬರಿಗೆ ಕುಳಿತು ಮಾತಾಡಲು ಒಂದು ಕೋಣೆ ಇಲ್ಲ. ಮನೆಯವರು ಮದುವೆಗೆ ಹೊರಟಿದ್ದಾರೆಂದು ಶಿಯಾಜ್ ಹೇಳುತ್ತಾನೆ. ಅವನ ಮೊಹಲ್ಲಾಕ್ಕೆ ಗುರುತು ಸಿಗದಂತೆ ಹೋಗಲು ಅನು ಒಂದು ಬುರ್ಖಾ ಕೊಂಡುಕೊಳ್ಳುತ್ತಾಳೆ. ಅಷ್ಟರಲ್ಲಿ ಮಳೆ ಸುರಿದು ರೈಲುಗಳು ನಿಲ್ಲುತ್ತವೆ, ಮನೆಯವರು ಹೊರಡುವುದಿಲ್ಲ. ನೆನೆದ ಜನರ ನಡುವೆ ಅವಳು ಬಂದ ದಾರಿಯಲ್ಲೇ ವಾಪಸು ಹೋಗುತ್ತಾಳೆ.